ಗಾಳಿಗೆ ಎದುರಾಗಿ ಇಳಿಸಿದ ವಿಮಾನ

೧೯೫೭ರಲ್ಲಿ ನಾನು ಓದು ಬಿಟ್ಟೆ. ಶಿಕಾರಿಪುರದ ನಮ್ಮ ಮನೆಗೆ ದುಡಿಯುವ ಕೈ ಬೇಕಿತ್ತು. ದುಡಿತದಿಂದ ನಾನು ಎಂದೂ ಹಿಂದೆ ಸರಿದವನಲ್ಲ. ಆದರೆ ಮನಸ್ಸೆಲ್ಲ ಸೊರಬದಲ್ಲಿದ್ದ ಸೋದರಮಾವನ ರೇಡಿಯೋ ರಿಪೇರಿ ಅಂಗಡಿಯ ಮೇಲೆ. ಮಾವ ವಾಯುಪಡೆಯಲ್ಲಿ ಮೆಕ್ಯಾನಿಕ್ ಆಗಿದ್ದು ಬಂದವರು. ರೇಡಿಯೋದಿಂದ ತಿರುಗಿಸಬಹುದಾದ, ಮೂರು ಮೊಳ ರೆಕ್ಕೆಯ ಪುಟ್ಟ ವಿಮಾನವೊಂದನ್ನು ಕೈಯಾರೆ ಕಟ್ಟಿದ್ದರು.

ಮರುವರ್ಷ ಸುಗ್ಗಿಯಲ್ಲಿ ಅದನ್ನು ಕುಬಟೂರಿನ ಹತ್ತಿರ ಕೊಯ್ದ ಗದ್ದೆಗೆ ಒಯ್ದೆವು. ವಿಮಾನ ಮೇಲೇರಿದ ಮೇಲೆ ಮಾವ ಅದನ್ನು ತಿರುಗಿಸುವ ರೇಡಿಯೋ ಪೆಟ್ಟಿಗೆಯನ್ನು ನನ್ನ ಕೈಗಿಟ್ಟರು.

"ಮುರೀದೆ ಇಳ್ಸು, ಅಂಗಡೀಗೆ ಸೇರಿಸ್ಕಳ್ತೀನಿ. ಮುರಿದ್ಯೋ, ಸೀದಾ ಊರಿಗೆ ಹೋಗಿ ಎತ್ತಿನ ಬಾಲ ಹಿಡಿ. ಹಿಂಗ್ ಮಾಡು ಹಂಗ್ ಮಾಡು ಅಂತ ನಾನಂತೂ ಬಾಯಿ ಬಿಡಲ್ಲ."

ಪೆಟ್ಟಿಗೆಗೆ ಇದ್ದುದು ಒಂದೇ ಗುಂಡಿ. ಒತ್ತಿ ಹಿಡಿದರೆ ವಿಮಾನ ತಿರುಗುತ್ತ, ಮೂಗು ತಗ್ಗಿಸಿ ರಭಸದಿಂದ ಇಳಿಯುತ್ತದೆ. ಬಿಟ್ಟರೆ ಮೂಗೆತ್ತಿ ನಿಧಾನವಾಗುತ್ತದೆ. ಇಳಿಸುವಾಗ ಗಾಳಿಗೆ ಎದುರಾಗಿಯೇ ತರಬೇಕು. ಗಾಳಿ ಬೆನ್ನಿಗಿದ್ದರೆ ವೇಗ ತಗ್ಗದೆ ಬದುವಿಗೆ ಬಡಿಯುತ್ತದೆ.

ಎಣ್ಣೆ ತೀರಿ ಎಂಜಿನ್ ನಿಂತಿತು. ಎರಡು ಸುತ್ತು ಹಾಕಿಸಿ ಎತ್ತರ ಇಳಿಸಿದೆ. ಪಕ್ಕದ ಕಣದಲ್ಲಿ ಹೆಂಗಸೊಬ್ಬಳು ಭತ್ತ ತೂರುತ್ತಿದ್ದಳು. ಜಳ್ಳು ಪಡುವಣಕ್ಕೆ ಹಾರುತ್ತಿತ್ತು; ಹಾಗಾಗಿ ವಿಮಾನವನ್ನು ಮೂಡಣಕ್ಕೆ ತಿರುಗಿಸಿದೆ.

"ಏ ತಮ್ಮಾ, ನಿನ್ ಹಕ್ಕಿ ನನ್ ರಾಶಿ ಮೇಲೆ ಕೂತ್ರೆ ಪುಕ್ಕ ಕಿತ್ತು ಸಾರು ಮಾಡ್ತೀನಿ ನೋಡು!" ಎಂದು ಕೂಗಿದಳು.

ನಗು ಬರಲಿಲ್ಲ. ಕೂಗಿದವಳೇ ಮೊರ ಹಿಡಿದು ಮಗ್ಗುಲು ಬದಲಿಸಿದಳು. ಜಳ್ಳು ಈಗ ಮೂಡಣಕ್ಕೆ ಹಾರತೊಡಗಿತು. ಗಾಳಿ ತಿರುಗಿತ್ತು!

ವಿಮಾನ ಮಾವಿನ ಮರದಷ್ಟೇ ಎತ್ತರದಲ್ಲಿತ್ತು. ಮಾವನ ಮುಖ ನೋಡಿದೆ. ಕಲ್ಲಿನ ಹಾಗೆ ನಿಂತಿದ್ದರು. ಗುಂಡಿ ಒತ್ತಿದೆ. ವಿಮಾನ ವಾಲಿ, ತಿರುಗಿ, ನೆಲಕ್ಕೇ ನುಗ್ಗಿತು. ಅರ್ಧ ಸುತ್ತು ಆಗುತ್ತಲೇ ಬಿಟ್ಟುಬಿಟ್ಟೆ. ಎದುರಿಗೆ ಬದು. ಇನ್ನೊಂದು ಸಲ ಒತ್ತು ಎಂದು ಹೆಬ್ಬೆರಳು ಕಾಡಿತು. ಸದಾ ಏನಾದರೂ ಮಾಡುತ್ತಲೇ ಇದ್ದ ಕೈ ನನ್ನದು. ಅದನ್ನು ಸುಮ್ಮನಿರಿಸುವುದರಲ್ಲಿ ಬೆವರು ಕಣ್ಣಿಗಿಳಿಯಿತು.

ವಿಮಾನ ತಾನಾಗಿ ಮೂಗೆತ್ತಿತು. ಗಾಳಿಗೆ ಎದೆಕೊಟ್ಟು ನಿಧಾನವಾಯಿತು, ಇನ್ನೂ ನಿಧಾನವಾಯಿತು, ಭತ್ತದ ಕೂಳೆಯ ಮೇಲೆ ಕುಪ್ಪಳಿಸಿ ಬದುವಿಗೆ ಮಾರುದೂರದಲ್ಲಿ ನಿಂತಿತು. ಒಂದು ಚಕ್ರ ಕಳಚಿ ಉರುಳಿತು.

"ಗಾಳಿ ತಿರುಗಿದ್ದು ನಂಗೂ ಕಂಡಿತ್ತು ಕಣೋ. ನಾಲಿಗೆ ಕಚ್ಕಂಡು ನಿಂತಿದ್ದೆ," ಎಂದರು ಮಾವ.

"ಚಕ್ರ ಹೋಯ್ತಲ್ಲ ಮಾವ?"

"ಚಕ್ರ ಹಾಕದು ಅಂಗಡಿ ಕೆಲ್ಸ. ನಾಳೆ ಬಂದು ಹಾಕು."

ಈಗ ನನ್ನದೆಂದು ಇರುವುದು ಇಷ್ಟು: ಸೊರಬದಲ್ಲಿ ಒಂದು ಅಂಗಡಿ, ಬೆಸುಗೆ ಹಾಕುವ ಎರಡು ಕಡ್ಡಿ, ಒಂದು ಸೈಕಲ್, ಮೂವರು ಮಕ್ಕಳು, ಆ ವಿಮಾನದಲ್ಲಿ ಉಳಿದಿರುವ ಎರಡು ಚಕ್ರ.