ಹೆಬ್ಬೆರಳು ಅಲ್ಲಾಡಲಿಲ್ಲ

ಅವತ್ತು ಮಾತಾಡಿದವರು ಡಾಕ್ಟರರಲ್ಲ, ನಾನು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ನಡುವೆ ಎಲ್ಲಾದರೂ ಒಂದು ತಮಾಷೆ ಸಿಕ್ಕು, ನಾನು ಅದರ ಬೆನ್ನು ಹತ್ತಿ, ಹೇಳಬೇಕಾದ್ದು ಹಾಗೇ ಉಳಿದುಬಿಡುತ್ತದೆ. ಇಷ್ಟು ವರ್ಷ ಉಳಿದದ್ದೂ ಹಾಗೆಯೇ.

ಬನಹಟ್ಟಿಯಲ್ಲಿ ನನಗೆ ಕರೆ ಬರದ ಮದುವೆ ಕಡಿಮೆ — ಊಟಕ್ಕಲ್ಲ, ಬೇರೆಯವರ ದನಿ ತೆಗೆಯಲಿಕ್ಕೆ. ಬೀಳಗಿ ಬಸ್ಸಿನ ಕಂಡಕ್ಟರ್, ನಮ್ಮ ಸಾಲಿಯ ಹೆಡ್‌ಮಾಸ್ತರ್, ಮುಂಜಾನೆ ಕೆಮ್ಮುವ ನಮ್ಮಪ್ಪ, ಎಲ್ಲರೂ ನನ್ನ ಗಂಟಲಲ್ಲಿ ಇದ್ದರು. ನನ್ನದೇ ದನಿಗೆ ಮಾತ್ರ ಯಾರೂ ನಗುತ್ತಿರಲಿಲ್ಲ, ಅದಕ್ಕೇ ಅದನ್ನು ಹೆಚ್ಚು ಬಳಸುತ್ತಿರಲಿಲ್ಲ.

ಈರಣ್ಣ ಮಾಮಾ ನನ್ನ ಅಕ್ಕನ ಗಂಡ. ಪಾವರ್‌ಲೂಮ್ ಶೆಡ್ಡಿನ ತಗಡು ಬದಲಿಸಲು ಏರಿದವನು ಬಿದ್ದು ಬೆನ್ನುಹುರಿಗೆ ಪೆಟ್ಟಾಯಿತು. ಸೊಂಟದ ಕೆಳಗಿನ ದೇಹ ಅವನ ಮಾತು ಕೇಳುವುದನ್ನು ಬಿಟ್ಟಿತು. ಎರಡು ವರ್ಷದ ಮೇಲೆ ಜಮಖಂಡಿಯ ಒಂದು ದವಾಖಾನೆಗೆ ಮೈಸೂರು ಕಡೆಯ ಡಾಕ್ಟರರೊಬ್ಬರು ಒಂದು ಮಷಿನ್ ತಂದಿದ್ದಾರೆಂದು ತಿಳಿಯಿತು. ಕೊಯ್ಯುವುದಿಲ್ಲ, ಸೂಜಿ ಚುಚ್ಚುವುದಿಲ್ಲ. ಬೆನ್ನಿನ ಚರ್ಮದ ಮೇಲೆ ಪಟ್ಟಿ ಅಂಟಿಸಿ, ಒಳಗಿನ ಹುರಿಗೆ ಮುಟ್ಟುವಂತೆ ಸಣ್ಣಗೆ ಕರೆಂಟು ಹರಿಸುವುದು. ಬಹಳ ಮಂದಿಗೆ ಇದರಿಂದ ಏನೂ ಆಗುವುದಿಲ್ಲ ಎಂದು ಅವರು ಮೊದಲ ದಿನವೇ ಹೇಳಿದ್ದರು. ಮಾಮಾ ಅದನ್ನು ಕೇಳಿಸಿಕೊಂಡನೋ ಇಲ್ಲವೋ... ನಾನಂತೂ ಅವರ ಮಾತಿನ ಧಾಟಿಯನ್ನಷ್ಟೇ ಕೇಳಿಸಿಕೊಂಡೆ.

ವಾರಕ್ಕೆರಡು ಸಲ ಮಾಮಾನನ್ನು ಎತ್ತಿ ಟಂಟಂ ರಿಕ್ಷಾದಲ್ಲಿ ಕೂಡಿಸಿ ಕರೆದೊಯ್ಯುವುದು ನನ್ನ ಕೆಲಸ. ದಾರಿಯುದ್ದ ಡಾಕ್ಟರರ ದನಿ ತೆಗೆಯುತ್ತಿದ್ದೆ. ಮಾಮಾ ನಕ್ಕು ನಕ್ಕು, ಸಾಕು ಬಿಡಲೇ, ಜಾರಿ ಬಿದ್ದೇನು ಅನ್ನುತ್ತಿದ್ದ.

ದವಾಖಾನೆಯಲ್ಲಿ ಅವನನ್ನು ಗೋಡೆಗೆ ಮುಖ ಮಾಡಿಸಿ ಮಗ್ಗುಲಾಗಿ ಮಲಗಿಸುತ್ತಿದ್ದರು. ಕಾಲು ತಾನಾಗಿ ಜಿಗಿಯುವಷ್ಟು ಕರೆಂಟು ಬಿಡದೆ, ಅದಕ್ಕಿಂತ ಸ್ವಲ್ಪ ಕೆಳಗೇ ನಿಲ್ಲಿಸಿ, ಈಗ ಹೆಬ್ಬೆರಳು ಅಲ್ಲಾಡಿಸಿ ಎನ್ನುತ್ತಿದ್ದರು. ಕರೆಂಟು ಕುಣಿಸಿದ್ದು ಬೇರೆ, ನೀವು ಕುಣಿಸಿದ್ದು ಬೇರೆ ಎಂದು ಪ್ರತಿ ಸಲ ನೆನಪಿಸುತ್ತಿದ್ದರು. ಮಾಮಾನ ಕತ್ತಿನ ನರ ಉಬ್ಬುತ್ತಿತ್ತು, ಬೆರಳು ಇದ್ದಲ್ಲೇ ಇರುತ್ತಿತ್ತು. ಅವನು ಗೋಡೆಯನ್ನೇ ಕೇಳುತ್ತಿದ್ದ — ಆತೇನ್ರಿ? ಡಾಕ್ಟರರು ಇಲ್ಲ ಅನ್ನುತ್ತಿದ್ದರು. ಒಂದು ಸಲವೂ ಸುಳ್ಳಾಡಲಿಲ್ಲ. ಆಗ ನನಗೆ ಅದು ಕಲ್ಲೆದೆ ಅನ್ನಿಸುತ್ತಿತ್ತು.

ಆ ಮಧ್ಯಾಹ್ನ ಅವರು ಫೋನು ಬಂತೆಂದು ಹೊರಗೆ ಹೋದರು. ಮಾಮಾನಿಗೆ ಅದು ಗೊತ್ತಾಗಲಿಲ್ಲ, ಮುಕ್ಕರಿಸುತ್ತಲೇ ಇದ್ದ. ಆತೇನ್ರಿ, ಎಂದ. ನಾನು —

"ಭೇಷ್ ಈರಣ್ಣನೋರೆ. ಅಲ್ಲಾಡ್ತು. ನಾನೇ ನೋಡ್ದೆ."

ಗುರುತು ಹಿಡಿದು ಬೈಯುತ್ತಾನೆ ಅಂದುಕೊಂಡಿದ್ದೆ. ದಾರಿಯಲ್ಲಿ ಪ್ರತಿ ಸಲ ಕೇಳಿ ನಗುವ ಡಾಕ್ಟರರ ಅದೇ ದನಿ ಅಲ್ಲವೇ. ಅವನ ಹೆಗಲು ಕುಲುಕಿತು, ನಗುತ್ತಿದ್ದಾನೆ ಎಂದು ಬಾಗಿ ನೋಡಿದೆ. ಅಳುತ್ತಿದ್ದ. ಆ ಗಳಿಗೆಯಲ್ಲಿ ಹೇಳಿದ್ದರೆ ಅದು ಬರೀ ಕೆಟ್ಟ ತಮಾಷೆಯಾಗಿ ಮುಗಿಯುತ್ತಿತ್ತು. ಹೇಳಲಿಲ್ಲ. ಡಾಕ್ಟರರು ಬಂದರು, ದಣಿದಿದ್ದಾನೆಂದು ತಿಳಿದು ಮಷಿನ್ ಆರಿಸಿದರು. ಮಾಮಾ ಅವತ್ತು ಮತ್ತೇನೂ ಕೇಳಲಿಲ್ಲ.

ಬನಹಟ್ಟಿ ಬರುವಷ್ಟರಲ್ಲಿ ಟಂಟಂನಲ್ಲಿದ್ದ ಎಲ್ಲರಿಗೂ ಸುದ್ದಿ ಮುಟ್ಟಿತ್ತು. ಮನೆಯಲ್ಲಿ ಅಕ್ಕ ಸಿಹಿಯೆಂದು ಗೋಧಿ ಹುಗ್ಗಿ ಮಾಡಿದಳು. ನಾನು ಎರಡು ಸಲ ಹಾಕಿಸಿಕೊಂಡು ತಿಂದೆ. ತಿಂದೆ, ನೋಡಿ.

ಮುಂದಿನ ತಿಂಗಳು ಡಾಕ್ಟರರು ಎದುರು ಕುಳಿತು, ಇದರಿಂದ ನಿಮಗೆ ಫಲ ಕಾಣುತ್ತಿಲ್ಲ, ಇನ್ನು ತೋಳು ಗಟ್ಟಿ ಮಾಡಿಕೊಂಡು ಗಾಲಿಕುರ್ಚಿಯ ಮೇಲೆ ಬದುಕುವುದನ್ನು ಕಲಿಯೋಣ ಎಂದರು. ಶೆಡ್ಡಿನ ಮಾಲಕರು ಕೂತು ಮಾಡುವ ಕೆಲಸ, ಲಾಳಿಯೊಳಗಿನ ಕಂಡಿಕೆಗೆ ನೂಲು ಸುತ್ತುವುದನ್ನು ಕೊಡಲು ಒಪ್ಪಿದ್ದರು. ಆದರೆ ಮಾಮಾ, ಅವತ್ತು ಅಳ್ಳಾಡಿತು ಅಂತ ನೀವೇ ಅಂದಿದ್ದಿರಲ್ಲ ಎಂದು ಕೇಳಿದ. ಅವರು ಮೆಲ್ಲಗೆ, ನಾನು ಹಾಗೆ ಅಂದಿಲ್ಲ ಎಂದರು. ಮಾಮಾ ಸಾಕ್ಷಿಗೆ ನನ್ನತ್ತ ತಿರುಗಿದ. ನಾನು ಬಗ್ಗಿ ಚಪ್ಪಲಿ ಹುಡುಕುತ್ತಿದ್ದೆ. ಅದು ನನ್ನ ಕಾಲಲ್ಲೇ ಇತ್ತು.

ಡಾಕ್ಟರರು ಮಾತು ತಿರುಗಿಸಿದರು, ತನ್ನ ಮೇಲೆ ಅವರಿಗೆ ಬೇಸರ ಬಂದಿದೆ — ಮಾಮಾ ಹೀಗೆ ತೀರ್ಮಾನಿಸಿದ. ನೂಲು ಸುತ್ತಲು ಹೋಗಲಿಲ್ಲ. ಬೆರಳು ಅಲ್ಲಾಡಿದ ಕಾಲು ನಿಲ್ಲಲೇಬೇಕು ಎಂದ. ಅಕ್ಕ ನೀರಿಗೆ ಹೋದಾಗ ಕಿಟಕಿಯ ಸರಳಿಗೆ ಹಗ್ಗ ಕಟ್ಟಿ ಎದ್ದು ನಿಲ್ಲಲು ಹೋಗಿ ಬಿದ್ದ. ತೊಡೆಯ ಎಲುಬು ಮುರಿದಿತ್ತು. ನೋವೇ ತಿಳಿಯದ ಕಾರಣ ಎರಡು ದಿನ ಅದರ ಮೇಲೆಯೇ ಕೂತಿದ್ದ, ಬಾವು ನೋಡಿ ಅಕ್ಕನೇ ಕಂಡುಹಿಡಿದಳು. ಎಲುಬು ಸರಿಯಾಗಿ ಕೂಡಲಿಲ್ಲ. ಕುರ್ಚಿಯೂ ಹೋಯಿತು, ಹಾಸಿಗೆಯೊಂದೇ ಉಳಿಯಿತು. ಬೆನ್ನ ಕೆಳಗೆ ಹುಣ್ಣು. ಮಾಯುತ್ತದೆ, ಮತ್ತೆ ಬಾಯಿ ಬಿಡುತ್ತದೆ. ಆರು ವರ್ಷ. ಊರಲ್ಲಿ ಈಗಲೂ ಡಾಕ್ಟರರನ್ನೇ ಬೈಯುತ್ತಾರೆ, ನಾನು ಅಲ್ಲೇ ನಿಂತು ಕೇಳುತ್ತೇನೆ.

ಹೋದ ರವಿವಾರ ಮುಂಜಾನೆ ಅವನ ಹಾಸಿಗೆಯ ಪಕ್ಕ ಕೂತು ಹೇಳಿದೆ — "ಮಾಮಾ, ಅವತ್ತ ಹೆಬ್ಬೆರಳ ಅಳ್ಳಾಡಿದ್ದಿಲ್ಲ. ಡಾಕ್ಟರ್ ಹೊರಗ ಹೋಗಿದ್ರು. ಮಾತಾಡಿದಾಂವ ನಾನ."

ಬೈಗುಳಕ್ಕೆ ಕಾದೆ. ಹೊಡೆದರೂ ಆದೀತು, ಅವನ ತೋಳು ಇನ್ನೂ ಅವನವೇ ಅಲ್ಲವೇ ಎಂದುಕೊಂಡೆ. ಮಾಮಾ ಕೈ ಚಾಚಿ ನನ್ನ ಹೆಗಲು ಹಿಡಿದ.

"ಹೇಳಿ ನೀ ಹಗುರಾದಿ. ನಾ ಇನ್ನೂ ಅಷ್ಟ ಭಾರ ಅದೀನಿ. ಮಗ್ಗಲಾ ಹೊರಳಸು."