ಕೊನೇ ಮಾತು ಯಾರದು ಅಂತ ಕೇಳಿದ ಅಜ್ಜಿ

ಅಜ್ಜಿಯ ಎಡಹುಬ್ಬು ಬಲಹುಬ್ಬಿಗಿಂತ ಒಂದು ಬೆರಳು ಮೇಲಿತ್ತು. ಪೆನ್ಸಿಲ್ಲಲ್ಲಿ ಬರ್ಕೊಂಡ ಹುಬ್ಬು, ದಿನಾ ಅಷ್ಟೇ ಎತ್ತರಕ್ಕೆ ಬರೀತಿದ್ಲು. ಹಾಗಾಗಿ ನೀವು ಬರೀ ನಮಸ್ಕಾರ ಅಂದ್ರೂ, ಇವನು ಯಾಕೆ ಹೀಗಂದ ಅನ್ನೋ ಹಾಗೆ ನೋಡೋಳು. ಅನುಮಾನದಲ್ಲಿ ನನ್ನ ಮೀರಿಸೋರು ಹುಟ್ಟಿಲ್ಲ ಅಂತ ಬೀಗ್ತಿದ್ದೋನು ನಾನು. ಹೆಣ್ಣು ನೋಡೋಕೆ ಹೋದ ದಿನ ಅತ್ತೆ ಕೊಟ್ಟ ಕಾಫೀನೂ ಮೂಸಿ ಕುಡಿದೋನು. ಜಪಾನಿನ ಎಡೋಗಾವಾದಲ್ಲಿ ಸೈಕಲ್ ಅಂಗಡಿ ಮೇಲಿನ ಆ ಪುಟ್ಟ ಆಫೀಸಿಗೆ ಕಾಲಿಟ್ಟಾಗ ನಂಗೆ ಸರಿಯಾದ ಜೋಡಿ ಸಿಕ್ತು.

ಕಂಪನಿ ರಿಜಿಸ್ಟರ್ ಮಾಡಿಸಿಕೊಡೋದು ಈ ಜಪಾನಿ ಅಜ್ಜಿ ಕೆಲಸ. ನಾನೂ ಪ್ರಕಾಶನೂ ಹೋಗಿದ್ದು ದೋಸೆ ಹಿಟ್ಟಿನ ಕಂಪನಿ ರಿಜಿಸ್ಟರ್ ಮಾಡ್ಸೋಕೆ. ಪ್ರಕಾಶ ಮೈಸೂರಿನೋನು, ಕನಗಾವಾದ ಕಾರ್ ಫ್ಯಾಕ್ಟರೀಲಿ ಇಂಜಿನಿಯರ್ ಆಗಿ ರಿಟೈರ್ ಆದೋನು. ಈ ದೇಶದಲ್ಲಿ ನಂಗೆ ಕನ್ನಡದಲ್ಲಿ ಬೈಯೋ ಹಕ್ಕಿರೋ ಒಬ್ಬನೇ ಸ್ನೇಹಿತ. ಇಲ್ಲಿನ ಚಳೀಲಿ ಹಿಟ್ಟು ಹುಳಿ ಬರಲ್ಲ. ಅದಕ್ಕೆ ಕೊತಾತ್ಸು ಅಂತಾರಲ್ಲ, ಕಾಲು ಬೆಚ್ಚಗಿಡೋ ಹೀಟರ್ ಮೇಜು, ಅದರ ಕೆಳಗೆ ಪಾತ್ರೆ ಇಟ್ಟು ತಾನು ಹೊರಗೆ ನಡುಗ್ತಾ ಕೂತಿರೋನು. ಮಾರೋ ಕೆಲಸ ನಂದು. ನಾನು ಬಾಯಿ ಬಿಟ್ರೆ ಕೊಂಬಿನಿ ಅನ್ನೋ ಇಲ್ಲಿನ ಬೀದಿ ಅಂಗಡಿ ಹುಡುಗೀನೂ ಚಟ್ನಿ ಮಾಡೋದು ಹೇಗೆ ಅಂತ ಕೇಳ್ತಾಳೆ, ಬಿಡಿ.

ಜಪಾನಲ್ಲಿ "ಗೋದೋ" ಅಂತ ಚಿಕ್ಕ ನಮೂನೆ ಕಂಪನಿ ಇದೆ. ಖರ್ಚು ಕಮ್ಮಿ, ಪಾಲುದಾರರಿಗೆ ತಲೆಗೊಂದು ಓಟು. ನಮಗೆ ಅದೇ ಸಾಕು, ಅರ್ಧ ಅರ್ಧ ಅಂದ್ವಿ. ಅಜ್ಜಿ ಒಪ್ಪಲಿಲ್ಲ. ಶೇರು ಇರೋ "ಕಬುಶಿಕಿ" ಮಾಡಿ, ಒಬ್ಬರಿಗೆ ಶೇರು ಜಾಸ್ತಿ ಇರ್ಲಿ ಅಂದ್ಲು.

"ಇಬ್ಬರೇ ಇರೋ ಕಡೆ ಸಮಸಮ ಅಂದ್ರೆ, ಬೀಗ ಹಾಕಿ ಕೀಲಿ ಎಸೆದ ಹಾಗೆ."

ಕಬುಶಿಕಿಗೆ ಖರ್ಚು ಜಾಸ್ತಿ. ನನ್ನ ಮೂಗು ಅಲ್ಲೇ ಎಚ್ಚರ ಆಯ್ತು. ಈ ಮುದುಕಿ ಫೀಸೂ ಏರಿಸ್ತಾಳೆ, ನಮ್ಮಿಬ್ಬರ ಮಧ್ಯೆ ಹುಳೀನೂ ಹಿಂಡ್ತಾಳೆ.

ಅದಕ್ಕೆ ಸರಿಯಾಗಿ ಅವಳ ಪದ್ಧತಿ ಬೇರೆ. ಒಬ್ಬೊಬ್ಬರನ್ನೇ ಒಳಗೆ ಕೂರಿಸಿ, ಬಾಗಿಲು ಹಾಕಿ ಮನಸ್ಸು ಕೇಳೋದು. ಪ್ರಕಾಶ ಒಳಗೆ ಹೋದಾಗ ನಾನು ಬಾಗಿಲಿಗೆ ಕಿವಿ ಇಟ್ಟೆ. "ಸುಮಿಮಾಸೆನ್, ಕ್ಷಮಿಸಿ, ಸ್ವಲ್ಪ ದೂರ ನಿಂತ್ಕೊಳ್ಳಿ" ಅಂತ ಒಳಗಿಂದಲೇ ಅಂದ್ಲು, ಕಿಲಾಡಿ. ನನ್ನ ಸರದೀಲಿ ಒಂದೇ ಪ್ರಶ್ನೆ: ಜಗಳ ಆದ್ರೆ ಕೊನೇ ಮಾತು ಯಾರದು? ನಾನು ದೊಡ್ಡ ಮನಸ್ಸು ಮಾಡಿ ಪ್ರಕಾಶಂದು ಅಂದೆ. ಅವನು ನನ್ನ ಹೆಸರು ಹೇಳಿದ್ನಂತೆ. ನಮ್ಮ ಕಡೆ ಇನ್ನೇನು ಹೇಳ್ತಾರೆ? ಎಲೆ ಮುಂದೆ ಕೊನೇ ಹೋಳಿಗೆ ಇಬ್ಬರೂ ಬೇಡ ಬೇಡ ಅನ್ನಲ್ವಾ, ಹಾಗೆ. ಇಬ್ಬರೂ ಮರ್ಯಾದೆಗೆ ಹೇಳಿದ್ರಿ, ಮನಸ್ಸಿಂದ ಹೇಳ್ಲಿಲ್ಲ ಅಂತ ವಾಪಸ್ ಕಳಿಸಿದ್ಲು.

ರೈಲಲ್ಲೇ ನಾನು ಪ್ಲಾನ್ ಹಾಕ್ದೆ. ಮುಂದಿನ ವಾರ ಅವಳ ಮುಂದೆ ಸುಳ್ಳು ಜಗಳ ಆಡೋಣ, ಯಾರ ಕಡೆ ವಾಲ್ತಾಳೆ ನೋಡೋಣ, ಅವಳ ಬಣ್ಣ ಬಯಲಾಗುತ್ತೆ. ಪ್ರಕಾಶ ಬೇಡ ಮಾರಾಯ ಅಂದ. ನಾನು ಕೇಳ್ಬೇಕಲ್ಲ. ಕಾಲೇಜಲ್ಲಿ ಪ್ರಿನ್ಸಿಪಾಲರ ಸ್ಕೂಟರನ್ನ ಟೆರೇಸಿಗೆ ಹತ್ತಿಸಿದೋನು ನಾನು.

ನಾಟಕ ಚೆನ್ನಾಗೇ ಶುರು ಆಯ್ತು, ಅವಳಿಗೂ ಅರ್ಥ ಆಗ್ಲಿ ಅಂತ ಜಪಾನೀಸಲ್ಲೇ. ನಾನು ಮೇಜು ಕುಟ್ಟಿದೆ, ಅವನು ನಂಗೇ ಜಾಸ್ತಿ ಶೇರು ಬೇಕು ಅಂತ ನಾನು ಹೇಳಿಕೊಟ್ಟ ಮಾತು ಹೇಳ್ದ. "ನಿಂಗ್ಯಾಕೋ ಜಾಸ್ತಿ?" ಅಂದೆ. ಇಲ್ಲಿಗೆ ಅವನ ಪಾಠ ಮುಗೀಬೇಕಿತ್ತು. ಮುಗೀಲಿಲ್ಲ, ಕನ್ನಡಕ್ಕೇ ಇಳಿದ.

"ಯಾಕೇ? ರುಬ್ಬೋನು ನಾನು, ಹುಳಿ ಬಂತಾ ಅಂತ ಕಾಯೋನು ನಾನು. ಅಂಗಡಿಯೋರ ಮುಂದೆ ನನ್ನ ಹಿಟ್ಟು ನನ್ನ ಹಿಟ್ಟು ಅನ್ನೋನು ನೀನು. ಒಂದು ದಿನ ಆದ್ರೂ ನನ್ನ ಹೆಸರು ಹೇಳಿದ್ದೀಯೇನೋ?"

ಹೇಳಿಲ್ಲ ಕಣೋ ಅಂದೆ. ನಾನು ತಪ್ಪು ಒಪ್ಪಿಕೊಂಡಿದ್ದು ಅದೊಂದೇ ಸಲ, ಬೇಕಾದ್ರೆ ನನ್ನ ಹೆಂಡ್ತೀನ ಕೇಳಿ.

ಅಜ್ಜಿಗೆ ಕನ್ನಡ ಒಂದಕ್ಷರ ಬರಲ್ಲ. ಚಹಾ ಬಗ್ಗಿಸ್ತಾ ಇದ್ದೋಳು ಕೈ ನಿಲ್ಲಿಸಿ, ಮೊದಲನೇದು ನಾಟಕ, ಈಗಿಂದು ನಿಜ ಅಂದ್ಲು. ಇವನೇ ಅವಳಿಗೆ ಮೊದಲೇ ಹೇಳಿಟ್ಟಿರ್ಬೇಕು ಅಂತ ಪ್ರಕಾಶನ್ನ ದುರುಗುಟ್ಟಿ ನೋಡಿದ್ರೆ ಅವನ ಕಣ್ಣಲ್ಲಿ ನೀರು. ನಿಮಗೆ ಹೇಗೆ ಗೊತ್ತಾಯ್ತು ಅಂತ ಕೇಳ್ದೆ.

"ಆಗ ಇಬ್ಬರೂ ನನ್ನ ಮುಖ ನೋಡ್ಕೊಂಡು ಕೂಗ್ತಿದ್ರಿ. ಆಮೇಲೆ ನನ್ನ ಮರೆತೇಬಿಟ್ರಿ."

ಚಹಾ ಕೊಟ್ಟು ಮತ್ತೆ ಅದೇ ಪ್ರಶ್ನೆ ಕೇಳಿದ್ಲು. ಈ ಸಲ ನಾನು ಯೋಚ್ನೆ ಮಾಡಿ, ಹಿಟ್ಟಿನ ವಿಷ್ಯದಲ್ಲಿ ಅವನದೇ ಅಂದೆ. ನಿಮ್ಮ ಕಂಪನಿ ಮಾರೋದು ಏನು ಅಂದ್ಲು. ಹಿಟ್ಟು ಅಂದೆ. ಸರಿ ಹಾಗಾದ್ರೆ ಅಂದ್ಲು. ಕಬುಶಿಕಿ ಆಯ್ತು, ಪ್ರಕಾಶನ ಶೇರು ಜಾಸ್ತಿ ಆಯ್ತು.

ಆಮೇಲೂ ನನ್ನ ಅನುಮಾನ ಹೋಗ್ಲಿಲ್ಲ. ಬೇರೆ ಕಡೆ ಫೀಸು ವಿಚಾರಿಸಿದೆ. ಅಜ್ಜೀದೇ ಕಮ್ಮಿ. ಇದರಲ್ಲೂ ಏನೋ ಇದೆ ಅಂದ್ಕೊಂಡೆ.

ಎರಡು ವರ್ಷ ಕಳೆದ ಮೇಲೆ ಒಂದು ದೊಡ್ಡ ಸೂಪರ್ ಮಾರ್ಕೆಟ್ಟಿನೋರು ಬಂದ್ರು. ಹಿಟ್ಟು ಕೆಡದ ಹಾಗೆ ಪುಡಿ ಹಾಕಿ, ಎಲ್ಲಾ ಬ್ರಾಂಚಲ್ಲೂ ಇಡ್ತೀವಿ ಅಂದ್ರು. ನಾನು ಕುಣಿದೆ, ಪ್ರಕಾಶ ಆಗಲ್ಲ ಅಂದ. ಮನೆಯೋರೆಲ್ಲ ಮಧ್ಯೆ ಬರೋಷ್ಟು ಜಗಳ. ಅರ್ಧ ಅರ್ಧ ಆಗಿದ್ದಿದ್ರೆ ಅವತ್ತೇ ಇಬ್ಬರೂ ಲಾಯರ್ ಹುಡುಕ್ಕೊಂಡು ಹೋಗ್ತಿದ್ವಿ. ಓಟಿಗೆ ಹಾಕಿದ್ವಿ, ಅವನು ಗೆದ್ದ. ನಾನು ಮುಖ ಊದಿಸ್ಕೊಂಡು ಮನೆಗೆ ಹೋದೆ, ಭಾನುವಾರ ಅವನೇ ದೋಸೆಗೆ ಕರೆದ. ತಿಂದು ಬಂದೆ. ಚೆನ್ನಾಗಿತ್ತು ಅಂತ ಮಾತ್ರ ಹೇಳ್ಲಿಲ್ಲ.

ಹೋದ ಚಳಿಗಾಲ ಅಜ್ಜಿ ತೀರ್ಕೊಂಡ್ಲು. ಸೈಕಲ್ ಅಂಗಡಿಯೋರು ಫೋನ್ ಮಾಡಿ ತಿಳಿಸಿದ್ರು. ಇಲ್ಲಿ ಅಂತ್ಯಕ್ರಿಯೇಲಿ ಧೂಪದ ಪುಡಿ ಚಿಟಿಕೆ ತಗೊಂಡು ಕೆಂಡಕ್ಕೆ ಹಾಕ್ಬೇಕು, ಒಬ್ಬರಾದ್ಮೇಲೆ ಒಬ್ಬರು. ನಮ್ಮ ಸರದಿ ಬಂದಾಗ ಪ್ರಕಾಶ "ನೀನು ಮೊದಲು ಹೋಗೋ" ಅಂದ. "ನೀನೇ ಹೋಗು, ಮೆಜಾರಿಟಿ ನಿಂದು" ಅಂದೆ. ನಮ್ಮ ಹಿಂದಿದ್ದೋರು ಪಾಪ, ಗಂಭೀರವಾಗಿ ಏನೋ ಮಂತ್ರ ಹೇಳ್ತಿದ್ದಾರೆ ಅಂದ್ಕೊಂಡು ತಲೆ ಬಗ್ಗಿಸಿದ್ರು.

ಅವನು ಮುಂದೆ ಹೋದ. ಚಿಟಿಕೆ ಧೂಪದಲ್ಲಿ ಅರ್ಧ ಕೆಂಡದಿಂದ ಆಚೆಗೆ ಚೆಲ್ಲಿದ. ಈ ವಯಸ್ಸಲ್ಲಿ ಹೊಸ ಸ್ನೇಹಿತ ಎಲ್ಲಿ ಸಿಗ್ತಾನೆ? ಇದ್ದೊಬ್ಬನನ್ನ ನಂಗೆ ಉಳಿಸಿಕೊಟ್ಟೋಳು ಅಲ್ಲಿ ಹೂವಿನ ಮಧ್ಯೆ ಮಲಗಿದ್ಲು. ನಾನು ಹೋಗಿ ಅವನ ಮೊಣಕೈ ಹಿಡ್ಕೊಂಡೆ.