ಬೇಚಿರಾಗ್ ಊರಿನ ಹಿತ್ತಾಳೆ ಗುಂಡು

ದೋರನಹಳ್ಳಿಯ ಸೂಗಪ್ಪನ ಹೊಲದಲ್ಲಿ ಪರಮಣ್ಣ ಹನ್ನೊಂದು ಗಂಟೆಯೊಳಗೆ ಏಳು ತೆಗ್ಗು ತೆಗೆದಿದ್ದ. ಏಳರಲ್ಲೂ ಸಿಕ್ಕಿದ್ದು ಮಣ್ಣು. ಅದೂ ಸೂಗಪ್ಪನದೇ ಮಣ್ಣು.

ಕೈಯಲ್ಲಿ ಹೊಸದಾಗಿ ತರಿಸಿದ ಮೆಟಲ್ ಡಿಟೆಕ್ಟರ್ ಇತ್ತು. ಉದ್ದನೆಯ ಕೋಲು, ಕೋಲಿನ ತುದಿಗೆ ತಾಟಿನಂಥ ಬಿಲ್ಲೆ. ಬಿಲ್ಲೆಯನ್ನು ನೆಲಕ್ಕೆ ಸಮೀಪ ಅತ್ತಿತ್ತ ಆಡಿಸುತ್ತ ನಡೆದರೆ, ಕೆಳಗೆ ಲೋಹವಿದ್ದಲ್ಲಿ ಅದು ಕುಂಯ್ ಎನ್ನಬೇಕು. ಅದು ಎರಡು ಹೆಜ್ಜೆಗೊಮ್ಮೆ ಕುಂಯ್ ಎನ್ನುತ್ತಿತ್ತು. ಎರಡು ಹೆಜ್ಜೆಗೊಂದು ನಿಧಿ ಇಟ್ಟುಕೊಂಡು ಸೂಗಪ್ಪ ಇಷ್ಟು ವರ್ಷ ಬರೀ ಕಾಳು ಬಿತ್ತಿದನಲ್ಲ ಎಂದು, ಪಕ್ಕದ ಹೊಲದಲ್ಲಿ ಹತ್ತಿ ಬಿಡಿಸುತ್ತಿದ್ದ ಹೆಣ್ಣುಮಕ್ಕಳು ಕೆಲಸ ಬಿಟ್ಟು ಬದುವಿಗೆ ಬಂದು ನಿಂತಿದ್ದರು. ಹೆಸರು ಕಿತ್ತು ಖಾಲಿಯಾಗಿದ್ದ ಆ ಹೊಲದಲ್ಲಿ ಈಗ ಪರಮಣ್ಣನ ಹೆಸರೂ ಕಿತ್ತುಹೋಗುವ ಹೊತ್ತು ಬಂದಿತ್ತು.

ಸೂಗಪ್ಪನ ತಾಯಿ ತಿಮ್ಮವ್ವ ಎಲೆಗೆ ಸುಣ್ಣ ಸವರುತ್ತ ಬಹಳ ಹೊತ್ತಿನಿಂದ ನೋಡುತ್ತಿದ್ದಳು. ಕೊನೆಗೆ ತಡೆಯಲಾರದೆ ಹೇಳಿದಳು. “ತಮ್ಮಾ, ನಿನ್ನ ಬಲಗಾಲು ಮುಂದ ಬಂದಾಗಷ್ಟ ಅದು ಒದರಾಕತ್ತದ. ಒಮ್ಮಿ ಮೆಟ್ಟು ಕಳದು ನೋಡು.”

ಪರಮಣ್ಣ ಮೆಟ್ಟು ಕಳಚಿದ. ಯಂತ್ರ ಮೂಕವಾಯಿತು. ಸವೆಯಬಾರದೆಂದು ಬಲಗಾಲಿನ ಮೆಟ್ಟಿಗೆ ಹಿಂದಿನ ವಾರವಷ್ಟೇ ಕಬ್ಬಿಣದ ನಾಲು ಬಡಿಸಿದ್ದ. ಅಷ್ಟು ಹೊತ್ತೂ ಅವನು ತನ್ನ ಕಾಲನ್ನು ತಾನೇ ಅಗೆದುಕೊಂಡು ಬಂದಿದ್ದ. ಹೆಣ್ಣುಮಕ್ಕಳು ಸೆರಗು ಬಾಯಿಗಿಟ್ಟುಕೊಂಡು ಹತ್ತಿಯ ಕಡೆ ತಿರುಗಿದರು. ಸೂಗಪ್ಪ ಮಾತ್ರ ಬಹಳ ಮರ್ಯಾದೆಯಿಂದ, “ಇನ್ನ ಐದು ತೆಗ್ಗು ತೆಗದೇ ಹೋಗ್ರಿ ಸಾಹೇಬ್ರ. ಡಜನ್ ನಿಂಬಿ ಸಸಿ ತಂದು ಹಚ್ಚತೀನಿ” ಎಂದ.

ಬೇವಿನ ಗಿಡದ ಕೆಳಗೆ ಹಳೆಯ ನಕ್ಷೆ ಬಿಚ್ಚಿಕೊಂಡು ಕೂತಿದ್ದ ಮಸ್ತಾನಸಾಬನಿಗೆ ಇದು ಮೂರನೇ ತೆಗ್ಗಿನಲ್ಲೇ ಗೊತ್ತಾಗಿತ್ತು. ಸುರಪುರದಲ್ಲಿ ನಲವತ್ತು ವರ್ಷ ವೆಲ್ಡಿಂಗ್ ಅಂಗಡಿ ನಡೆಸಿದವನಿಗೆ ಕಬ್ಬಿಣ ಎಲ್ಲಿದೆ ಎಂದು ಯಂತ್ರ ಹೇಳಬೇಕಾಗಿಲ್ಲ. ಆದರೂ ಅವನು ಬಾಯಿ ಬಿಡಲಿಲ್ಲ. ನಲವತ್ತು ವರ್ಷ ಸುಮ್ಮನಿದ್ದವನಿಗೆ ಇನ್ನೂ ನಾಲ್ಕು ತೆಗ್ಗು ಸುಮ್ಮನಿರುವುದು ದೊಡ್ಡ ಮಾತಾಗಿರಲಿಲ್ಲ.

ಪರಮಣ್ಣ ಶಹಾಪುರದ ನಿವೃತ್ತ ಸರ್ವೇಯರ್. ಅಳೆಯುವುದು ಅವನ ನೌಕರಿಯಾಗಿತ್ತು. ನೌಕರಿ ಮುಗಿದರೂ ಅಳತೆ ಮುಗಿದಿರಲಿಲ್ಲ. ಮನೆಯಿಂದ ಬಸ್‌ಸ್ಟ್ಯಾಂಡಿಗೆ ಎಂಟುನೂರಾ ಹನ್ನೆರಡು ಹೆಜ್ಜೆ, ಮಳೆಗಾಲದಲ್ಲಿ ಕೆಸರು ಬಳಸಿ ಹೋದರೆ ಎಂಟುನೂರಾ ಐವತ್ತು. ಮದುವೆಗೆ ಹೋದರೆ ಹುಡುಗ ಹುಡುಗಿಯನ್ನು ಬಿಟ್ಟು ಹಂದರ ಎಷ್ಟು ಡೊಂಕಾಗಿದೆ ಎಂದು ನೋಡುತ್ತಿದ್ದ. ಇಂಥ ಗಂಡನನ್ನು ಮನೆಯಲ್ಲಿ ಇಡೀ ದಿನ ಇಟ್ಟುಕೊಳ್ಳುವುದು ಹೇಗೆಂದು ಹೆಂಡತಿ ಮಲ್ಲೇಶ್ವರಿಗೆ ಚಿಂತೆಯಾಗಿತ್ತು. ಅಷ್ಟರಲ್ಲಿ ಅವನೇ ಅರ್ಜಿ ಕೊಟ್ಟು, ನಿಜಾಮರ ಕಾಲದ ಹಳ್ಳಿ ನಕ್ಷೆಗಳ ಪ್ರತಿಗಳನ್ನು ಒಂದೊಂದಾಗಿ ತೆಗೆಸಿಕೊಂಡು ಬಂದ. ಗೋಡೆಯ ಗಡಿಯಾರದ ಪಕ್ಕದಲ್ಲಿ ಬಳಿಚಕ್ರ ಊರು ತೂಗಿತು, ದೇವರ ಕೋಣೆಯ ಬಾಗಿಲಿಗೆ ಕೆಂಭಾವಿ ಊರು ಅಂಟಿತು.

ಅವನ ಲೆಕ್ಕಾಚಾರ ಹೀಗಿತ್ತು. ಹಳೆಯ ನಕ್ಷೆಯಲ್ಲಿ ಇದ್ದು ಈಗಿನ ನಕ್ಷೆಯಲ್ಲಿ ಇಲ್ಲದ್ದು ಏನೇನು ಎಂದು ನೋಡಬೇಕು. ಎತ್ತು ಬಿಚ್ಚುತ್ತಿದ್ದ ಕಟ್ಟೆ, ಮುಚ್ಚಿಹೋದ ಬಾವಿ, ಹಳ್ಳ ದಾಟುತ್ತಿದ್ದ ಕಾಲುದಾರಿ, ಸಂತೆ ಕೂಡುತ್ತಿದ್ದ ಬಯಲು. ಮನುಷ್ಯರು ಎಲ್ಲಿ ಕೂತು, ಬಗ್ಗಿ, ಎದ್ದು ಹೋಗಿದ್ದಾರೋ ಅಲ್ಲಿ ಏನಾದರೂ ಉದುರಿಯೇ ಇರುತ್ತದೆ. ತೆಳ್ಳನೆಯ ಕಾಗದದ ಮೇಲೆ ಹಳೆಯ ನಕ್ಷೆಯನ್ನು ಇಳಿಸಿಕೊಂಡು ಹೊಸದರ ಮೇಲೆ ಹಾಸಬೇಕು. ಗುಡ್ಡಕ್ಕೆ ಗುಡ್ಡ, ಮೂರೂರಿನ ಗಡಿ ಕೂಡುವ ಕಲ್ಲಿಗೆ ಆ ಕಲ್ಲು ಹೊಂದಿಸಿದರೆ, ಕಾಣೆಯಾದ ಬಾವಿ ಈಗ ಯಾರ ಹೊಲದ ಯಾವ ಮೂಲೆಯಲ್ಲಿದೆ ಎಂದು ತಾನಾಗಿ ಗೊತ್ತಾಗುತ್ತದೆ.

ಎಲ್ಲ ಸರಿ, ಆದರೆ ನಕ್ಷೆಯ ಬರಹ ಉರ್ದುವಿನಲ್ಲಿತ್ತು. ಅದೂ ಅವಸರದ ಕೈಬರಹ. ಅದನ್ನು ಓದಬಲ್ಲವನು ಎಂದು ಪರಮಣ್ಣನಿಗೆ ಗೊತ್ತಿದ್ದದ್ದು ಒಬ್ಬನೇ. ಆ ಒಬ್ಬನ ಎದುರು ನಿಲ್ಲಲು ಅವನಿಗೆ ನಾಲ್ಕು ತಿಂಗಳು ಬೇಕಾಯಿತು.

ಮಸ್ತಾನಸಾಬನ ಅಂಗಡಿಯನ್ನು ಈಗ ಮಗ ನೋಡಿಕೊಳ್ಳುತ್ತಾನೆ. ಮುದುಕ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಬೈಯುವ ಕೆಲಸವನ್ನಷ್ಟೇ ಉಳಿಸಿಕೊಂಡಿದ್ದಾನೆ. ಪರಮಣ್ಣ ಕಂಕುಳಲ್ಲಿ ಸುರುಳಿ ಇಟ್ಟುಕೊಂಡು ಬಂದು, ನಮಸ್ಕಾರ ಚಮತ್ಕಾರ ಏನೂ ಇಲ್ಲದೆ, ಹಳೆಯ ನಾಣ್ಯ ಹುಡುಕುವ ಹವ್ಯಾಸ ಹಚ್ಚಿಕೊಂಡಿದ್ದೇನೆ, ಸ್ವಲ್ಪ ಓದಿ ಹೇಳಬೇಕು ಎಂದ. ಮಸ್ತಾನಸಾಬ ಕನ್ನಡಕ ಏರಿಸಿ ಒಂದೊಂದೇ ಹಾಳೆ ಮಗುಚಿದ. ಐದನೆಯದರ ತಲೆಯ ಮೇಲೆ ಬರೆದಿತ್ತು: ಅರಳಾಪುರ, ಬೇಚಿರಾಗ್.

ದೀಪವಿಲ್ಲದ ಊರು ಎಂದು ಅರ್ಥ. ಜನ ಬಿಟ್ಟುಹೋಗಿ, ಸಂಜೆ ದೀಪ ಹಚ್ಚುವವರು ಯಾರೂ ಉಳಿಯದ ಊರನ್ನು ಕಂದಾಯದ ದಫ್ತರದಲ್ಲಿ ಹಾಗೆ ಬರೆಯುತ್ತಿದ್ದರು. ಸರ್ಕಾರಿ ಕಾಗದದಲ್ಲಿ ಇಷ್ಟು ಚೆಂದದ ಮಾತು ಹೇಗೆ ನುಸುಳಿತೋ ದೇವರೇ ಬಲ್ಲ.

ಮಸ್ತಾನಸಾಬ ಆ ಹಾಳೆಯನ್ನು ಮೆಲ್ಲಗೆ ಎಲ್ಲಕ್ಕಿಂತ ಕೆಳಗಿಟ್ಟ. “ಬರ್ತೀನ್ರಿ ಸಾಹೇಬ್ರ,” ಎಂದ. “ಮನ್ಯಾಗ ಕುಂತು ಏನ ಮಾಡೂದದ.”

ಅರಳಾಪುರವೇ ಅವನ ಬದುಕಿನ ದಿಕ್ಕು ತಿರುಗಿಸಿದ ಊರು. ಆಗ ಅವನಿಗೆ ಇಪ್ಪತ್ಮೂರು, ಪರಮಣ್ಣನಿಗೆ ಇಪ್ಪತ್ತೈದು. ಒಬ್ಬ ಸರ್ವೇಯರ್, ಇನ್ನೊಬ್ಬ ಅವನ ಜೊತೆ ಹೊಲ ಅಳೆಯುವ ಸರಪಳಿ ಹಿಡಿಯುವ ದಿನಗೂಲಿಯವ. ಅಳತೆಯ ಹೊತ್ತಿನಲ್ಲಿ ‘ಸಾಹೇಬ್ರ’, ಬುತ್ತಿ ಬಿಚ್ಚಿದ ಮೇಲೆ ‘ಪರಮಣ್ಣ’. ಒಬ್ಬನ ರೊಟ್ಟಿ, ಇನ್ನೊಬ್ಬನ ಪಲ್ಯ. ಸಂಕ್ರಾಂತಿ ಮುಗಿದ ವಾರ ಕೆಂಭಾವಿಯ ಆಚೆ ಆ ಹಾಳೂರನ್ನು ಅಳೆದು ಸಂಜೆ ಸಾಮಾನು ಕಟ್ಟುವಾಗ ನೋಡಿದರೆ, ಪೆಟ್ಟಿಗೆಯಲ್ಲಿ ಹಿತ್ತಾಳೆಯ ಗುಂಡು ಇರಲಿಲ್ಲ. ಮೂರು ಕಾಲಿನ ಅಳತೆ ಮೇಜಿನ ಕೆಳಗೆ ದಾರದಲ್ಲಿ ತೂಗಿಬಿಡುವ ಗುಂಡು ಅದು. ನಿಂತದ್ದು ನೆಟ್ಟಗಿದೆಯೋ ಇಲ್ಲವೋ ಹೇಳುವುದು ಅದರ ಕೆಲಸ. ಅದು ನಾಪತ್ತೆಯಾದ ಮೇಲೆ ಮಸ್ತಾನಸಾಬ ನೆಟ್ಟಗಿದ್ದಾನೋ ಇಲ್ಲವೋ ಎಂದು ಎಲ್ಲರೂ ಕೇಳತೊಡಗಿದರು.

ಮೇಲಿನ ಸಾಹೇಬರು ಪರಮಣ್ಣನಿಂದ ಹೇಳಿಕೆ ಬರೆಸಿಕೊಂಡರು. ಅವನು ಬರೆದದ್ದು ಒಂದೇ ಸಾಲು: ಸಾಮಾನಿನ ಪೆಟ್ಟಿಗೆ ಮಸ್ತಾನಸಾಬನ ವಶದಲ್ಲಿತ್ತು. ಸುಳ್ಳೇನಲ್ಲ, ಪೆಟ್ಟಿಗೆ ಅವನ ಹೆಗಲ ಮೇಲೇ ಇರುತ್ತಿತ್ತು. ಮುಂದೆ ದಿನಗೂಲಿಯವರನ್ನು ಕಾಯಂ ಮಾಡುವ ಪಟ್ಟಿ ಬಂದಾಗ ಅದರಲ್ಲಿ ಅವನ ಹೆಸರಿರಲಿಲ್ಲ. ಅದರ ಬದಲು ಬೇರೊಂದು ಹೆಸರು ಕಾಯಂ ಆಯಿತು: ಗುಂಡು ಮಸ್ತಾನ. ಹಿನ್ನೆಲೆ ತಿಳಿಯದ ಹೊಸಬರು ಇವನು ಕುಡಿಯುತ್ತಾನೆಂದೇ ನಂಬಿದರು. ಚಹಾಕ್ಕೆ ಸಕ್ಕರೆ ಹೆಚ್ಚಾದರೂ ಬೇಡವೆನ್ನುವ ಮನುಷ್ಯನನ್ನು ಮಸೀದಿಯ ಹಿರಿಯರು ಪಕ್ಕಕ್ಕೆ ಕರೆದು, ಅದನ್ನು ಬಿಟ್ಟುಬಿಡಪ್ಪಾ ಎಂದು ಬುದ್ಧಿ ಹೇಳಿದ್ದರು. ಹೆಂಡತಿ ಅಖ್ತರಬೇಗಂ ಈ ಕಥೆ ಹೇಳಿ ಈಗಲೂ ನಗುತ್ತಾಳೆ. ಅವನೂ ನಗುತ್ತಾನೆ, ಅವಳಷ್ಟು ಹೊತ್ತು ಅಲ್ಲ.

ಗುಂಡನ್ನು ಯಾರು ಒಯ್ದರು ಎಂದು ಅವನು ವೆಲ್ಡಿಂಗಿನ ಕಿಡಿಯಲ್ಲಿ ಎಷ್ಟೋ ಸಲ ಯೋಚಿಸಿದ್ದ. ತನ್ನ ಜಾಗಕ್ಕೆ ಅಳಿಯನನ್ನು ತರಬೇಕೆಂದಿದ್ದ ಗುಮಾಸ್ತನ ಒಳಸಂಚೇ? ಸಾಹೇಬರ ಜೀಪಿನ ಡ್ರೈವರೇ? ಹಳ್ಳದಲ್ಲಿ ಇಳಿದಿದ್ದ ಅಲೆಮಾರಿಗಳೇ? ಇವೆಲ್ಲ ಏನೇ ಇರಲಿ, ಅವನಿಗೆ ತಿಳಿಯಬೇಕಾದದ್ದು ಬೇರೆ ಒಂದಿತ್ತು. ನಾನದನ್ನು ಮಾರಿಕೊಂಡೆ ಅಂತ ಪರಮಣ್ಣನೂ ತಿಳಿದಿದ್ದಾನೆಯೇ? ಇದನ್ನು ಕೇಳುವ ಬಾಯಿ ಅವನಿಗೆ ಬರಲಿಲ್ಲ. ಗುಂಡು ಆ ಮಣ್ಣಲ್ಲೇ ಸಿಕ್ಕಿಬಿಟ್ಟರೆ ಕೇಳುವ ಅಗತ್ಯವೇ ಇರುವುದಿಲ್ಲ ಎಂದುಕೊಂಡು ಅವನು ನಕ್ಷೆ ಓದಲು ಒಪ್ಪಿದ್ದ.

ಆ ಹಂಗಾಮಿನಲ್ಲಿ ಇಬ್ಬರೂ ಮೂರು ತಾಲೂಕು ತಿರುಗಿದರು. ಹೊಲದ ಒಡೆಯನನ್ನು ಕೇಳಿಯೇ ಇಳಿಯುವುದು, ತೆಗ್ಗು ಮುಚ್ಚಿಯೇ ಹೋಗುವುದು ಪರಮಣ್ಣನ ಕಟ್ಟುನಿಟ್ಟು. ಬಳಿಚಕ್ರದ ಕಡೆ ಒಂದು ಕುಂಕುಮದ ಭರಣಿಯ ಮುಚ್ಚಳ ಸಿಕ್ಕಿತು. ಕೆಂಭಾವಿಯ ಹಳೆ ಸಂತೆ ಬಯಲಲ್ಲಿ ಎತ್ತಿನ ಕೊರಳ ಗಂಟೆಯ ನಾಲಗೆ ಸಿಕ್ಕಿತು, ಗಂಟೆ ಸಿಗಲಿಲ್ಲ. ಉಳಿದಂತೆ ಎಲ್ಲೆಲ್ಲೂ ಎತ್ತಿನ ನಾಲು. ನೆಲದಲ್ಲಿ ಹಳೆಯದೇನು ಸಿಕ್ಕರೂ ಸರ್ಕಾರಕ್ಕೆ ತಿಳಿಸಬೇಕೆಂದು ಪರಮಣ್ಣ ಎಲ್ಲವನ್ನೂ ಟವೆಲ್ಲಿನಲ್ಲಿ ಕಟ್ಟಿಕೊಂಡು ಕಚೇರಿಗೆ ಒಯ್ಯುತ್ತಿದ್ದ. ನಾಲ್ಕನೇ ಗಂಟು ಬಿಚ್ಚಿದಾಗ ಗುಮಾಸ್ತ ಅರುಣಕುಮಾರ ಕೈ ಮುಗಿದ. “ಸರ್, ಇವು ಸರ್ಕಾರಕ್ಕ ಬ್ಯಾಡ್ರಿ. ಸರ್ಕಾರದ ಹತ್ತರ ಎತ್ತಿಲ್ಲ.”

ಸಿಕ್ಕಿದ್ದು ಇಷ್ಟೇ. ಆದರೂ ಮಸ್ತಾನಸಾಬನಿಗೆ ನಸುಕಿನಲ್ಲೇ ಎಚ್ಚರವಾಗುತ್ತಿತ್ತು. ಅವನು ಬೆರಳಿಟ್ಟು ಓದುತ್ತಿದ್ದ: ಬಾವ್ಲಿ ಅಂದರೆ ಬಾವಿ, ಚಾವಡಿ, ಕುಂಬಾರರ ಆವಿಗೆ, ಗಾಡಿ ದಾರಿ. ಪರಮಣ್ಣ ಹೆಜ್ಜೆ ಹಾಕುತ್ತಿದ್ದ. ತೊಗರಿ ನಿಂತ ಹೊಲದಲ್ಲಿ ಇಲ್ಲದ ಚಾವಡಿಯ ಮೆಟ್ಟಿಲ ಮುಂದೆ ಇಬ್ಬರೂ ನಿಂತು, ಇಲ್ಲಿ ಕೂತು ಎಷ್ಟು ಜನ ಎಷ್ಟು ಸುಳ್ಳು ಹೇಳಿದ್ದಾರೋ ಎಂದುಕೊಳ್ಳುತ್ತಿದ್ದರು. ಮಧ್ಯಾಹ್ನ ಮಲ್ಲೇಶ್ವರಿಯ ರೊಟ್ಟಿಗೆ ಅಖ್ತರಬೇಗಂ ಕಟ್ಟಿಕೊಟ್ಟ ಬದನೆಕಾಯಿ ಪಲ್ಯ. ಒಂದು ದಿನ ಗಾಳಿಗೆ ನಕ್ಷೆ ಹಾರಿದಾಗ ಮಸ್ತಾನಸಾಬ ಓಡಿ ಹಿಡಿದು, ಹಳೇ ರೂಢಿಯಲ್ಲಿ ತನಗರಿವಿಲ್ಲದೆ “ಚೈನ್ ಬಿಗಿ ಅದ!” ಎಂದು ಕೂಗಿಬಿಟ್ಟ. ಸರಪಳಿ ಎಳೆದು ಹಿಡಿದಾಗ ಹಾಕುತ್ತಿದ್ದ ಕೂಗು ಅದು. ಪರಮಣ್ಣನ ಕೈ ಅಷ್ಟೇ ರೂಢಿಯಿಂದ ಕಿಸೆಯ ಪೆನ್ಸಿಲ್ಲಿಗೆ ಹೋಯಿತು.

ಅರಳಾಪುರದ ಹೆಸರನ್ನು ಮಾತ್ರ ಇಬ್ಬರೂ ಎತ್ತಲಿಲ್ಲ. ಪ್ರತಿಸಲ ಆ ಹಾಳೆ ಮೇಲೆ ಬಂದಾಗ ಒಬ್ಬನಲ್ಲ ಒಬ್ಬ ಅದನ್ನು ಕೆಳಗೆ ಸರಿಸುತ್ತಿದ್ದ. ತಾನು ಸರಿಸುವುದು ಏಕೆಂದು ಮಸ್ತಾನಸಾಬನಿಗೆ ಗೊತ್ತಿತ್ತು. ಇವನು ಏಕೆ ಸರಿಸುತ್ತಾನೆ?

ತೊಗರಿ ಕೊಯ್ಲು ಮುಗಿದ ಮೇಲೆ ಒಂದು ಸಂಜೆ ಪರಮಣ್ಣನೇ ಫೋನು ಮಾಡಿದ. ನಾಳೆ ಕೆಂಭಾವಿಗೆ ಬಾ, ಅರಳಾಪುರದ ಹೊಲದವರು ಒಪ್ಪಿದ್ದಾರೆ ಎಂದು ಹೇಳಿ ಇಟ್ಟುಬಿಟ್ಟ.

ಅಲ್ಲಿ ಈಗ ಏನೂ ಇರಲಿಲ್ಲ. ಆಗ ಇದ್ದ ಮೊಂಡು ಗೋಡೆಗಳೂ ಇಲ್ಲ, ಗಿಡಗಳೂ ಇಲ್ಲ. ಹದ ಮಾಡಿದ ಕರಿಮಣ್ಣು, ನಡುವೆ ಬಾಯಿ ಕುಸಿದ ಬಾವಿ. ಮಸ್ತಾನಸಾಬ ಮೊದಲ ಸಲ ಯಂತ್ರವನ್ನು ತಾನೇ ಕೇಳಿ ಇಸಿದುಕೊಂಡ. ಆ ದಿನ ಕೊನೆಯ ಸಲ, ಊಟಕ್ಕೆ ಮೊದಲು, ಮೇಜು ನಿಲ್ಲಿಸಿದ್ದು ಬಾವಿಯ ಬಳಿ; ಊಟದ ಮೇಲೆ ಬರೀ ಸರಪಳಿ ಎಳೆದಿದ್ದರು. ಬಿದ್ದಿದ್ದರೆ ಅಲ್ಲೇ ಬಿದ್ದಿರಬೇಕೆಂದು ಅವನು ನಲವತ್ತು ವರ್ಷದಿಂದ ನಂಬಿದ್ದ. ಬಾವಿಯ ಸುತ್ತ ಅಂಗುಲ ಬಿಡದೆ ಆಡಿಸಿದ. ರಾಟೆಯ ಅಚ್ಚು ಸಿಕ್ಕಿತು, ಕೊಡದ ಕಂಠ ಸಿಕ್ಕಿತು. ಬಿಸಿಲು ನೆತ್ತಿಗೆ ಬಂತು. ಇನ್ನೊಂದು ಸುತ್ತು ಆಡಿಸಿ ನೋಡಿ, ಯಂತ್ರ ಬದಿಗಿಟ್ಟು ಕಲ್ಲಿನ ಮೇಲೆ ಕೂತ. ನಾಣ್ಯಕ್ಕಾಗಿ ಯಾರೂ ಹೀಗೆ ಹುಡುಕುವುದಿಲ್ಲ ಎಂದು ಪರಮಣ್ಣನಿಗೆ ತಿಳಿದೇಹೋಗಿರಬೇಕು. ಅವನು ಇಷ್ಟು ಹೊತ್ತೂ ನಕ್ಷೆಯ ಮೇಲೆ ಮುಖವಿಟ್ಟುಕೊಂಡು ಕೂತಿದ್ದ.

“ಬಾವಿಯಿಂದ ಮೂಡಣಕ್ಕ ಒಂದು ಗುರುತು ಇರಬೇಕು. ಓದು” ಎಂದ.

“ಇಮ್ಲಿ ಕಾ ದರಖ್ತ್. ಹುಣಸಿ ಗಿಡ.”

ಪರಮಣ್ಣ ಸ್ಕೇಲಿಟ್ಟು ಅಳೆದ, ಯಂತ್ರ ತೆಗೆದುಕೊಂಡ, ಎಣಿಸುತ್ತ ನಡೆದ. ನೂರಾ ನಲವತ್ತನೆಯ ಹೆಜ್ಜೆಗೆ ನಿಂತ. ಅಲ್ಲಿ ಗಿಡವೂ ಇಲ್ಲ, ಬೊಡ್ಡೆಯೂ ಇಲ್ಲ. ನಕ್ಷೆ ಇರದಿದ್ದರೆ ಅಲ್ಲೊಂದು ಗಿಡ ಇತ್ತೆಂದು ನೆಲ ಹೇಳುತ್ತಿರಲಿಲ್ಲ. ಆಮೇಲೆ ಅವನು ಏನನ್ನೋ ನೆನೆಸಿಕೊಳ್ಳುವಂತೆ ತಲೆಯೆತ್ತಿ ಖಾಲಿ ಆಕಾಶ ನೋಡಿದ. ನೋಡಿ, ಅಲ್ಲಿಂದ ಮುಂದಕ್ಕೆ ಹದಿನೆಂಟು ಹೆಜ್ಜೆ ಹಾಕಿ, ಬಿಲ್ಲೆ ಆಡಿಸಿದ. ಎರಡನೇ ಸಲಕ್ಕೆ ಕುಂಯ್ ಎಂದಿತು.

ಗೇಣುದ್ದ ಅಗೆದಿದ್ದರಷ್ಟೇ. ಹಸಿರು ಕಿಲುಬು ಹಿಡಿದ, ಬುಗುರಿಯಂಥ ಗುಂಡು ಮಣ್ಣಿನೊಂದಿಗೆ ಮೇಲೆ ಬಂತು. ಮಸ್ತಾನಸಾಬ ಹೆಬ್ಬೆರಳಿನಿಂದ ಉಜ್ಜಿದ. ದಿನಾ ಬೆಳಿಗ್ಗೆ ಹುಣಿಸೆ ಹುಳಿ ಹಚ್ಚಿ ತಾನೇ ತಿಕ್ಕುತ್ತಿದ್ದ ನಂಬರು ಅದರ ಮೈಮೇಲೆ ಕಂಡಿತು: ಹದಿನೇಳು. ಅಂಗೈಯಲ್ಲಿಟ್ಟುಕೊಂಡು ತೂಗಿ ನೋಡಿದ. ಇಷ್ಟೇ ಭಾರವಿತ್ತೇ ಇದು?

ಅವನು ಕೇಳಬೇಕೆಂದಿದ್ದ ಪ್ರಶ್ನೆ ಈಗ ಬೇಕಾಗಿರಲಿಲ್ಲ. ಆದರೆ ಅದರ ಜಾಗದಲ್ಲಿ ಇನ್ನೊಂದು ಬಂದು ನಿಂತಿತು. ಈ ಗಿಡದ ಕೆಳಗೆ ಮೇಜು ನಿಲ್ಲಿಸಿರಲೇ ಇಲ್ಲ. ಊಟ ಮುಗಿಸಿ ಅವನು ಇಲ್ಲಿ ಮಲಗಿದ್ದ, ಪೆಟ್ಟಿಗೆ ಅವನ ತಲೆಯ ಹತ್ತಿರವಿತ್ತು. ಎಚ್ಚರವಿದ್ದವನು ಒಬ್ಬನೇ.

“ನಾ ಮಕ್ಕೊಂಡಿದ್ದೆ,” ಎಂದ ಮಸ್ತಾನಸಾಬ. “ಹದಿನೆಂಟು ಹೆಜ್ಜಿ ನಿನಗ ಹೆಂಗ ಗೊತ್ತು? ಖರೇ ಹೇಳು ಪರಮಣ್ಣ, ಇದು ಇಲ್ಲಿಗಿ ಹೆಂಗ ಬಂತು?”

ಪರಮಣ್ಣ ತೆಗ್ಗಿನ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತಿದ್ದ. ಕೈಯ ಮಣ್ಣನ್ನು ಒಂದೊಂದೇ ಬೆರಳಿನಿಂದ ಬಿಡಿಸಿಕೊಂಡ.

“ಹುಣಸಿಕಾಯಿ ಕೆಡವಾಕ ಒಗದಿದ್ದೆ. ಇಲ್ಲಿ ಮುಳ್ಳಿನ ಗಿಡದಾಗ ಬಿದ್ದು ಸಿಗಲಿಲ್ಲ,” ಎಂದ. “ಕಾಯಿನೂ ಬೀಳಲಿಲ್ಲ.”